ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ರೋಗಿಯ ಮೈಯಲ್ಲಿ ನೀರು ತುಂಬಿದಾಗ: ವಾರ್ಡಿನ ವೈದ್ಯರಿಗೂ ಸಿಸ್ಟರುಗಳಿಗೂ ಒಂದು ಸಮಗ್ರ ಮಾರ್ಗದರ್ಶಿ

ಜಮಖಂಡಿ ಕಡೆಯ ಒಬ್ಬ ಹೆಣ್ಣುಮಗಳು ಕಿಮೋಥೆರಪಿಯ ಹನ್ನೆರಡನೆಯ ದಿನ ಬೆಳಗಿನ ರೌಂಡಿನ ಹೊತ್ತಿಗೆ, ‘ಕಾಲುಂಗುರ ಒತ್ತಾಕತ್ತಾವ್ರಿ ಡಾಕ್ಟ್ರ, ರಾತ್ರಿ ಅಡ್ಡ ಆದ್ರ ಸಾಕು, ದಮ್ಮ ಹತ್ತತೈತಿ’ ಎಂದು ಹೇಳಿದ್ದರು. ರೋಗನಿರ್ಣಯ ಆ ಎರಡು ಮಾತಿನಲ್ಲೇ ಇತ್ತು. ಚಾರ್ಟಿನಲ್ಲಿ ಮಾತ್ರ ಮೂರು ದಿನವೂ ತೂಕ 48 ಕಿಲೋ ಎಂದೇ ಬರೆದಿತ್ತು; ವಿಚಾರಿಸಿದಾಗ ತೂಕದ ಯಂತ್ರ ಕೆಟ್ಟಿದೆ, ಹಿಂದಿನ ದಿನದ ಅಂಕಿಯನ್ನೇ ಇಳಿಸಿಕೊಂಡಿದ್ದಾರೆ ಎಂದು ತಿಳಿಯಿತು. ಪಕ್ಕದ ವಾರ್ಡಿನಿಂದ ಯಂತ್ರ ತರಿಸಿ ನಿಲ್ಲಿಸಿದರೆ 53.5 ಕಿಲೋ. ಐದೂವರೆ ಕಿಲೋ ಎಂದರೆ ಸುಮಾರು ಐದೂವರೆ ಲೀಟರ್ ನೀರು, ಮತ್ತು ಅದನ್ನು ಒಳಗೆ ಹಾಕಿದವರು ನಾವೇ.

ಈ ಬರಹ ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಾರ್ಡುಗಳಲ್ಲಿ ರಾತ್ರಿ ಪಾಳಿ ಮಾಡುವ ಕಿರಿಯ ವೈದ್ಯರನ್ನೂ ಸಿಸ್ಟರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇಲ್ಲಿ ಹೇಳಿದ ಔಷಧದ ಪ್ರಮಾಣಗಳು ವಯಸ್ಕರಿಗೆ ಸಂಬಂಧಿಸಿದವು. ರಕ್ತರೋಗ ತಜ್ಞರೊಡನೆ ಫೋನಿನಲ್ಲಾದರೂ ಮಾತನಾಡಿಯೇ ಅವನ್ನು ಬಳಸಬೇಕು. ನಾನು ಒತ್ತಿ ಹೇಳಬಯಸುವುದು ಇಷ್ಟು: ಲ್ಯಾಸಿಕ್ಸ್‌ಗೆ (ಮೂತ್ರ ಹೆಚ್ಚಿಸಿ ನೀರಿಳಿಸುವ ಫ್ಯೂರೋಸೆಮೈಡ್) ಕೈ ಚಾಚುವ ಮೊದಲು ನೀರು ಎಲ್ಲಿಂದ ಬಂತು ಎಂಬ ಲೆಕ್ಕ ಹಾಕಬೇಕು. ಲೆಕ್ಕವಿಲ್ಲದ ಚಿಕಿತ್ಸೆ, ನಲ್ಲಿ ಬಿಟ್ಟುಕೊಂಡೇ ನೆಲ ಒರೆಸಿದಂತೆ.

ಮೊದಲ ಹತ್ತು ನಿಮಿಷ

ರೋಗಿಯನ್ನು ನೆಟ್ಟಗೆ ಕೂರಿಸಿ, ಸಾಧ್ಯವಾದರೆ ಕಾಲನ್ನು ಮಂಚದಿಂದ ಇಳಿಬಿಡಿಸಬೇಕು. ಹರಿಯುತ್ತಿರುವ ಸಲಾಯಿನ್ ನಿಲ್ಲಿಸಬೇಕು. ರಕ್ತವೋ ಪ್ಲೇಟ್‌ಲೆಟ್ಟೋ ಹೋಗುತ್ತಿದ್ದರೆ ಅದನ್ನೂ ನಿಲ್ಲಿಸಿ, ಚೀಲವನ್ನು ಎಸೆಯದೆ ತೆಗೆದಿಡಬೇಕು. ಸೂಜಿಯನ್ನು ಕೀಳಬಾರದು, ಏಕೆಂದರೆ ಊದಿದ ಕೈಯಲ್ಲಿ ಮತ್ತೆ ನರ ಸಿಗುವುದು ಕಷ್ಟ. ಆಮ್ಲಜನಕದ ಮಟ್ಟ 90ಕ್ಕಿಂತ ಕೆಳಗಿದ್ದರೆ ಆಮ್ಲಜನಕ ಹಚ್ಚಿ 92ರಿಂದ 96ರ ನಡುವೆ ನಿಲ್ಲುವಂತೆ ನೋಡಿಕೊಳ್ಳಬೇಕು. ನಾಡಿ, ಉಸಿರಿನ ವೇಗ, ಜ್ವರ, ರಕ್ತದೊತ್ತಡ ಇಷ್ಟನ್ನೂ ನೀವೇ ನೋಡಬೇಕು.

ರಕ್ತದೊತ್ತಡದ ಅಂಕಿಯೇ ಮುಂದಿನ ದಾರಿಯನ್ನು ತೋರಿಸುತ್ತದೆ. ಒತ್ತಡ ಹೆಚ್ಚಿದ್ದು, ಕೈಕಾಲು ಬೆಚ್ಚಗಿದ್ದು, ಕತ್ತಿನ ನರ ಉಬ್ಬಿದ್ದರೆ ನೀರು ತೆಗೆಯಲು ಮುಂದಾಗಬಹುದು. ಮೇಲಿನ ಒತ್ತಡ 110ಕ್ಕಿಂತ ಹೆಚ್ಚಿದ್ದಾಗ ನೈಟ್ರೋಗ್ಲಿಸರಿನ್ ಹನಿಯನ್ನು ನಿಮಿಷಕ್ಕೆ 10ರಿಂದ 20 ಮೈಕ್ರೋಗ್ರಾಂನಿಂದ ಆರಂಭಿಸಿದರೆ, ಮೂತ್ರ ಬರುವುದಕ್ಕೂ ಮೊದಲೇ ಉಸಿರಾಟ ಹಗುರಾಗುತ್ತದೆ. ಒತ್ತಡ ಕಡಿಮೆಯಿದ್ದು ಜ್ವರವಿದ್ದರೆ ಅದು ಸೆಪ್ಸಿಸ್ (ಸೋಂಕು ಇಡೀ ಮೈಯನ್ನು ಕೆಡಿಸುವ ಸ್ಥಿತಿ) ಇರಬಹುದು. ಅಲ್ಲಿ ನೀರು ರಕ್ತನಾಳದಿಂದ ಸೋರಿ ಮೈಗೆ ಸೇರಿರುತ್ತದೆ; ನಾಳದೊಳಗೆ ಮಾತ್ರ ಕೊರತೆ. ಅಂಥವರಿಗೆ ನಾರ್‌ಅಡ್ರಿನಲಿನ್ ಹಚ್ಚಿ ಒತ್ತಡವನ್ನು ನಿಲ್ಲಿಸಿಕೊಳ್ಳದೆ ಮೂತ್ರವರ್ಧಕ ಕೊಟ್ಟರೆ ಮೂತ್ರಪಿಂಡ ಕೈಕೊಡುತ್ತದೆ.

ಇದು ನೀರೇ ಹೌದೇ?

ಲ್ಯುಕೇಮಿಯಾ ವಾರ್ಡಿನಲ್ಲಿ ಉಸಿರುಗಟ್ಟಿದವರೆಲ್ಲರ ಶ್ವಾಸಕೋಶದಲ್ಲಿ ನೀರೇ ಇರುವುದಿಲ್ಲ. ಪ್ಲೇಟ್‌ಲೆಟ್ 10 ಸಾವಿರದ ಆಸುಪಾಸಿನಲ್ಲಿದ್ದು ಹಿಮೋಗ್ಲೋಬಿನ್ ಕಾರಣವಿಲ್ಲದೆ ಇಳಿದಿದ್ದರೆ, ಕೆಮ್ಮಿನಲ್ಲಿ ರಕ್ತ ಕಾಣದಿದ್ದರೂ ಶ್ವಾಸಕೋಶದೊಳಗೆ ರಕ್ತಸ್ರಾವ ಆಗಿರಬಹುದು. ಬಿಳಿ ರಕ್ತಕಣ 1 ಲಕ್ಷ ದಾಟಿದವರಲ್ಲಿ ಆ ಕಣಗಳೇ ಶ್ವಾಸಕೋಶದ ಸಣ್ಣ ನಾಳಗಳನ್ನು ಕಟ್ಟಿಹಾಕಿ ಎಕ್ಸ್‌ರೇಯಲ್ಲಿ ನೀರಿನಂತೆಯೇ ಕಾಣಿಸುತ್ತವೆ. ಅವರಿಗೆ ಮೂತ್ರವರ್ಧಕ ಕೊಟ್ಟು ಒಣಗಿಸಿದರೆ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಳಿ ರಕ್ತಕಣ ತೀರ ಇಳಿದಾಗಿನ ನ್ಯುಮೋನಿಯಾ, ಅದರಲ್ಲೂ ಶಿಲೀಂಧ್ರದ ಸೋಂಕು, ಎಕ್ಸ್‌ರೇಯಲ್ಲಿ ತಡವಾಗಿ ಮುಖ ತೋರಿಸುತ್ತದೆ.

ರಕ್ತ ಕೊಟ್ಟ ಮೇಲೆ ಬಂದ ಉಬ್ಬಸದಲ್ಲಿ ಎರಡು ಬಗೆಯುಂಟು. ಪ್ರಮಾಣ ಹೆಚ್ಚಾಗಿ ಬಂದದ್ದಾದರೆ 12 ಗಂಟೆಯೊಳಗೆ ಕಾಣಿಸುತ್ತದೆ, ರಕ್ತದೊತ್ತಡ ಸಾಮಾನ್ಯವಾಗಿ ಏರಿರುತ್ತದೆ, ಮೂತ್ರವರ್ಧಕಕ್ಕೆ ಬಗ್ಗುತ್ತದೆ. ದಾನಿಯ ರಕ್ತದಲ್ಲಿನ ಪ್ರತಿಕಾಯಗಳಿಂದ ಶ್ವಾಸಕೋಶಕ್ಕೆ ಆದ ಗಾಯವಾದರೆ 6 ಗಂಟೆಯೊಳಗೆ ಬರುತ್ತದೆ, ಜ್ವರವಿರಬಹುದು, ಒತ್ತಡ ಇಳಿದಿರುತ್ತದೆ, ಮೂತ್ರವರ್ಧಕದಿಂದ ಉಪಯೋಗವಿಲ್ಲ. ಎರಡಕ್ಕೂ ರಕ್ತನಿಧಿಗೆ ತಿಳಿಸಲೇಬೇಕು.

ಪಕ್ಕದಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಯಂತ್ರವಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಎರಡೂ ಕಡೆ ಶ್ವಾಸಕೋಶದಲ್ಲಿ ಮೇಲಿನಿಂದ ಕೆಳಗೆ ಇಳಿಯುವ ಬಿಳಿ ಗೆರೆಗಳು, ಪಕ್ಕೆಯ ಕೆಳಗೆ ನಿಂತ ನೀರು, 2.1 ಸೆಂಟಿಮೀಟರ್‌ಗಿಂತ ಅಗಲವಾಗಿ ಉಸಿರೆಳೆದಾಗಲೂ ಅರ್ಧದಷ್ಟು ಕುಗ್ಗದ ಕೆಳ ಮಹಾಸಿರೆ ಇವೆಲ್ಲ ಸೇರಿದರೆ ಸಂದೇಹ ಹೆಚ್ಚು ಉಳಿಯುವುದಿಲ್ಲ. ಹೃದಯದ ಬಡಿತ ಹೇಗಿದೆ ಎಂದೂ ಆಗಲೇ ನೋಡಬೇಕು. ಡೌನೊರುಬಿಸಿನ್‌ನಂಥ ಕಿಮೋ ಔಷಧ ಪಡೆದವರ ಹೃದಯ ಸೋತಿರಬಹುದು.

ಒಂದು ಇರುಳಿನ ಲೆಕ್ಕ

ಈಗ ಮುಖ್ಯ ಕೆಲಸ. ಆ ಜಮಖಂಡಿಯ ರೋಗಿಗೆ ಜ್ವರವಿತ್ತು, ಬಿಳಿ ರಕ್ತಕಣ ತಳ ಕಂಡಿತ್ತು. ಹಿಂದಿನ 24 ಗಂಟೆಯಲ್ಲಿ ಒಳಗೆ ಹೋದದ್ದನ್ನು ಔಷಧದ ಹಾಳೆ ಹಿಡಿದು ಒಂದೊಂದಾಗಿ ಕೂಡಿಸಿದೆವು. ಗಂಟೆಗೆ 100 ಮಿ.ಲೀ.ನಂತೆ ಸಲಾಯಿನ್, 2400. ಸೋಂಕಿಗೆ ಪಿಪರಾಸಿಲಿನ್ ನಾಲ್ಕು ಸಲ, ಪ್ರತಿಸಲ 100ರಲ್ಲಿ, 400. ವ್ಯಾಂಕೊಮೈಸಿನ್ ಎರಡು ಸಲ 250ರಂತೆ 500. ಶಿಲೀಂಧ್ರಕ್ಕೆ ಸಾದಾ ಆಂಫೊಟೆರಿಸಿನ್, 500 ಮಿ.ಲೀ. ಡೆಕ್ಸ್‌ಟ್ರೋಸ್‌ನಲ್ಲಿ, ಅದಕ್ಕೂ ಮೊದಲು ಮೂತ್ರಪಿಂಡ ಕಾಯಲು 500 ಸಲಾಯಿನ್. ಪೊಟ್ಯಾಸಿಯಂ ಇಳಿದಿತ್ತೆಂದು ಇನ್ನೊಂದು 500ರ ಬಾಟಲಿ. ಒಂದು ಚೀಲ ಕೆಂಪುಕಣ 300, ಆರು ಚೀಲ ಪ್ಲೇಟ್‌ಲೆಟ್ 300, ವಾಂತಿಯ ಮತ್ತು ಹೊಟ್ಟೆಯ ಇಂಜೆಕ್ಷನ್ 100, ಪೈಪು ತೊಳೆಯಲು ಹನ್ನೆರಡು ಸಲ ಹತ್ತರಂತೆ 120. ಮೊತ್ತ 5620 ಮಿ.ಲೀ. ಬಾಯಿಂದ ಕುಡಿದದ್ದು ಸುಮಾರು 800. ಮೂತ್ರ ಬಂದದ್ದು 2400. ಬೆವರು, ಉಸಿರಿನಲ್ಲಿ ಹೋದದ್ದನ್ನು ಕಳೆದರೂ ಆ ಒಂದೇ ದಿನ ಮೂರು ಲೀಟರ್ ಮೈಯಲ್ಲೇ ಉಳಿಯಿತು. ವೈದ್ಯರ ಆದೇಶದ ಹಾಳೆಯಲ್ಲಿ ಮಾತ್ರ ‘ಸಲಾಯಿನ್ 2.4 ಲೀಟರ್’ ಎಂದಷ್ಟೇ ಇತ್ತು. ಉಳಿದದ್ದನ್ನು ಯಾರೂ ನೀರೆಂದು ಎಣಿಸಿರಲಿಲ್ಲ.

ಉಪ್ಪನ್ನೂ ಎಣಿಸಬೇಕು. ಒಂದು ಲೀಟರ್ ನಾರ್ಮಲ್ ಸಲಾಯಿನ್‌ನಲ್ಲಿ 9 ಗ್ರಾಂ ಉಪ್ಪಿದೆ. ಪಿಪರಾಸಿಲಿನ್, ವ್ಯಾಂಕೊಮೈಸಿನ್, ಪೊಟ್ಯಾಸಿಯಂ ಎಲ್ಲವನ್ನೂ ಸಲಾಯಿನ್‌ನಲ್ಲೇ ಬೆರೆಸಿದ್ದರಿಂದ ಆಕೆಗೆ ಸಿಕ್ಕದ್ದು 4.3 ಲೀಟರ್, ಎಂದರೆ 38 ಗ್ರಾಂ ಮೀರಿದ ಉಪ್ಪು. ಒಬ್ಬ ವಯಸ್ಕ ದಿನಕ್ಕೆ 5 ಗ್ರಾಂನೊಳಗೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟದ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ಉಪ್ಪು ಹೆಚ್ಚಾಯಿತೆಂದು ಆಕೆಯ ಅತ್ತೆಯನ್ನು ಗದರಿದ್ದ ನಮಗೆ ಈ ಲೆಕ್ಕ ಹಾಕಿದ ಮೇಲೆ ನಾಚಿಕೆಯಾಯಿತು.

ಕಡಿತ ಹೀಗೆ ಮಾಡಬೇಕು. ಕ್ಯಾನ್ಸರ್ ಕಣಗಳು ಒಡೆದು ಯೂರಿಕ್ ಆಮ್ಲ, ಪೊಟ್ಯಾಸಿಯಂ ಏರುವ ಅಪಾಯ ಚಿಕಿತ್ಸೆಯ ಮೊದಲ ಕೆಲವು ದಿನಗಳದ್ದು. ಹನ್ನೆರಡನೆಯ ದಿನಕ್ಕೆ, ಅದನ್ನು ತಡೆಯಲೆಂದು ಹಾಕುತ್ತಿದ್ದ ಸಲಾಯಿನ್‌ಗೆ ಕಾರಣವೇ ಇರಲಿಲ್ಲ, ನಿಲ್ಲಿಸಿದೆವು. ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರಿಂದ ಮತ್ತು ಪಿಪರಾಸಿಲಿನ್ ಜೊತೆ ಸೇರಿದಾಗ ಮೂತ್ರಪಿಂಡಕ್ಕೆ ಕೇಡಾಗುವ ಭಯವಿದ್ದುದರಿಂದ ವ್ಯಾಂಕೊಮೈಸಿನ್ ನಿಂತಿತು. ಸಾದಾ ಆಂಫೊಟೆರಿಸಿನ್ ಬದಲು ಲೈಪೊಸೋಮಲ್ ಬಗೆ ದೊರೆತು ಅದು 150 ಮಿ.ಲೀ.ಯಲ್ಲಿ ಮುಗಿಯಿತು. ಎರಡೂ ಬಗೆಯನ್ನು ಡೆಕ್ಸ್‌ಟ್ರೋಸ್‌ನಲ್ಲಿ ಮಾತ್ರ ಬೆರೆಸಬೇಕು, ಪೈಪನ್ನೂ ಅದರಿಂದಲೇ ತೊಳೆಯಬೇಕು. ಸಲಾಯಿನ್ ಸೋಕಿದರೆ ಔಷಧ ಕೆಡುತ್ತದೆ. ಪೊಟ್ಯಾಸಿಯಂ ದೊಡ್ಡ ಸಿರೆಯ ಪೈಪಿನಿಂದ, 20 ಮಿಲಿ ಇಕ್ವಿವಲೆಂಟ್ 100 ಮಿ.ಲೀ.ಯಲ್ಲಿ, ಮಾನಿಟರ್ ಹಚ್ಚಿ, ಪಂಪಿನಲ್ಲಿ ನಿಧಾನವಾಗಿ ಹೋಯಿತು. ಹೀಗೆ 5.6 ಲೀಟರ್ ಇದ್ದದ್ದು ದಿನಕ್ಕೆ ಒಂದೂವರೆ ಲೀಟರಿಗೆ ಇಳಿಯಿತು. ಒಂದು ಜೀವರಕ್ಷಕ ಔಷಧವನ್ನೂ ಬಿಡಲಿಲ್ಲ.

ಬಾಯಿಹುಣ್ಣಿಲ್ಲದೆ ನುಂಗಬಲ್ಲವರಿಗೆ ಲೆವೊಫ್ಲಾಕ್ಸಸಿನ್, ಫ್ಲುಕೊನಜೋಲ್, ಲಿನೆಜೋಲಿಡ್ ಮಾತ್ರೆಗಳು ಇಂಜೆಕ್ಷನ್‌ನಷ್ಟೇ ರಕ್ತ ಸೇರುತ್ತವೆ. ಮೆರೊಪೆನೆಮ್ 1 ಗ್ರಾಂ ಅನ್ನು 20 ಮಿ.ಲೀ. ನೀರಿನಲ್ಲಿ ಐದು ನಿಮಿಷದಲ್ಲಿ ಕೈಯಿಂದಲೇ ತಳ್ಳಬಹುದು. ನೀರಿಳಿಸುವುದಕ್ಕೆ ಇಂಥ ಚಿಲ್ಲರೆ ಉಪಾಯಗಳೇ ಲ್ಯಾಸಿಕ್ಸ್‌ಗಿಂತ ಹೆಚ್ಚು ಕೆಲಸ ಮಾಡುತ್ತವೆ ಎಂಬುದು ನನ್ನ ಅನುಭವ.

ಫ್ಯೂರೋಸೆಮೈಡ್ ಕೊಡುವ ಕ್ರಮ

ಹಿಂದೆ ತೆಗೆದುಕೊಳ್ಳದವರಿಗೆ ಸಿರೆಯ ಮೂಲಕ 20ರಿಂದ 40 ಮಿ.ಗ್ರಾಂ; ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಅವರ ದಿನದ ಪ್ರಮಾಣದ ಒಂದರಿಂದ ಎರಡೂವರೆ ಪಟ್ಟು. ಅರ್ಧ ಗಂಟೆಯಲ್ಲಿ ಪರಿಣಾಮ ತುದಿ ಮುಟ್ಟಿ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಕೊಟ್ಟು ಮರೆಯಬಾರದು. ಎರಡನೆಯ ಗಂಟೆಗೆ ಮೂತ್ರದ ಸೋಡಿಯಂ ಪರೀಕ್ಷಿಸಿ, 50ರಿಂದ 70 ಮಿಲಿ ಇಕ್ವಿವಲೆಂಟ್‌ಗಿಂತ ಕಡಿಮೆ ಇದ್ದರೆ, ಅಥವಾ ಮೊದಲ ಆರು ಗಂಟೆಯಲ್ಲಿ ಗಂಟೆಗೆ 100ರಿಂದ 150 ಮಿ.ಲೀ. ಮೂತ್ರ ಬಾರದಿದ್ದರೆ, ಪ್ರಮಾಣ ಸಾಲಲಿಲ್ಲ ಎಂದರ್ಥ. ಆಗ ಅದೇ ಪ್ರಮಾಣವನ್ನು ಮತ್ತೆ ಮತ್ತೆ ಕೊಡುವುದರಲ್ಲಿ ಅರ್ಥವಿಲ್ಲ, ಇಮ್ಮಡಿ ಮಾಡಬೇಕು. 20 ಮಿ.ಗ್ರಾಂ ನಾಲ್ಕು ಸಲ ಕೊಟ್ಟು ‘ಕೆಲಸ ಮಾಡಲಿಲ್ಲ’ ಎಂದು ಬರೆಯುವುದು ನಮ್ಮ ವಾರ್ಡುಗಳಲ್ಲಿ ಬಲು ಸಾಮಾನ್ಯವಾದ ತಪ್ಪು.

ಒಮ್ಮೆಲೇ ತಳ್ಳುವುದು ಮೇಲೋ, ಪಂಪಿನಲ್ಲಿ ಸತತ ಹನಿಸುವುದು ಮೇಲೋ ಎಂಬ ಚರ್ಚೆ ಹಳೆಯದು. ಹೃದಯ ವೈಫಲ್ಯದ ರೋಗಿಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪಂಪ್ ಇದ್ದರೆ ಗಂಟೆಗೆ 5ರಿಂದ 20 ಮಿ.ಗ್ರಾಂ ಹನಿಸಬಹುದು, ಇಲ್ಲದಿದ್ದರೆ ಚಿಂತೆಯಿಲ್ಲ. ದೊಡ್ಡ ಪ್ರಮಾಣವನ್ನು ನಿಮಿಷಕ್ಕೆ 4 ಮಿ.ಗ್ರಾಂ ಮೀರದಂತೆ ಕೊಡಬೇಕು, ಇಲ್ಲದಿದ್ದರೆ ಕಿವಿಗೆ ಪೆಟ್ಟು. ಸೋಂಕಿನ ಔಷಧ ಅಮಿಕಾಸಿನ್ ಕೂಡ ನಡೆಯುತ್ತಿದ್ದರೆ ಆ ಅಪಾಯ ಇನ್ನೂ ಹೆಚ್ಚು. ಇಷ್ಟಾದರೂ ಬಗ್ಗದಿದ್ದರೆ ಇನ್ನೊಂದು ಮೂತ್ರವರ್ಧಕವಾದ ಮೆಟೊಲಜೋನ್ 2.5ರಿಂದ 5 ಮಿ.ಗ್ರಾಂ ಮಾತ್ರೆ ಸೇರಿಸಬಹುದು, ಆದರೆ ಸೋಡಿಯಂ, ಪೊಟ್ಯಾಸಿಯಂ ಕುಸಿಯುವ ವೇಗ ಗಾಬರಿ ಹುಟ್ಟಿಸುವಂತಿರುತ್ತದೆ.

ಮೂತ್ರ ಅಳೆಯಲು ಕೂಡಲೇ ನಳಿಕೆ ತೂರಿಸುವುದು ಬೇಡ. ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಇಲ್ಲದ ಮೈಗೆ ನಳಿಕೆಯೆಂದರೆ ಸೋಂಕು ಮತ್ತು ರಕ್ತ. ಗಂಡಸರಿಗೆ ಕಾಂಡೋಮ್ ನಳಿಕೆ, ಹೆಂಗಸರಿಗೆ ಅಳತೆಯ ಗೆರೆಯಿರುವ ಪಾತ್ರೆ ಅಥವಾ ತೂಗಿದ ಡಯಾಪರ್ ಸಾಕು. ಪ್ರಜ್ಞೆ ತಪ್ಪಿದವರಿಗೆ, ಮೂತ್ರ ಕಟ್ಟಿದವರಿಗೆ ಮಾತ್ರ ನಳಿಕೆ.

ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೋಟೀನ್ ಅಲ್ಬುಮಿನ್ ಕಡಿಮೆ ಇದೆಯೆಂದು ದುಬಾರಿ ಬಾಟಲಿ ಬರೆದುಕೊಡುವ ರೂಢಿಯಿದೆ. ಕಿಮೋ ಔಷಧವಾದ ಆಸ್ಪರಾಜಿನೇಸ್ ಪಡೆದವರಲ್ಲಿ ಅಲ್ಬುಮಿನ್ ಇಳಿಯುವುದು ನಿಜ. ಆದರೂ ಫ್ಯೂರೋಸೆಮೈಡ್‌ನ ಸರಿಯಾದ ಪ್ರಮಾಣ ಸೋತ ಮೇಲಷ್ಟೇ ಅದರ ಮಾತು. ಹೊಲ ಒತ್ತೆಯಿಟ್ಟು ಬಂದ ಮನೆಯವರನ್ನು ಮೊದಲ ದಿನವೇ ಔಷಧದಂಗಡಿಗೆ ಓಡಿಸಬಾರದು.

ಪೊಟ್ಯಾಸಿಯಂ, ಮ್ಯಾಗ್ನೀಸಿಯಂ, ಹೃದಯದ ಗೆರೆ

ಮೂತ್ರ ಹರಿಯತೊಡಗಿದ ಮೇಲೆ ದಿನಕ್ಕೆ ಎರಡು ಸಲ ಪೊಟ್ಯಾಸಿಯಂ, ಒಂದು ಸಲ ಮ್ಯಾಗ್ನೀಸಿಯಂ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ಅಂಕಿ) ನೋಡಬೇಕು. ಆಂಫೊಟೆರಿಸಿನ್ ಪೊಟ್ಯಾಸಿಯಂ ಸೋರಿಸುತ್ತದೆ. ಒಂಡಾನ್ಸೆಟ್ರಾನ್, ಲೆವೊಫ್ಲಾಕ್ಸಸಿನ್, ಫ್ಲುಕೊನಜೋಲ್ ಮೂರೂ ಇಸಿಜಿಯ ಕ್ಯೂಟಿ ಅಂತರವನ್ನು ಹಿಗ್ಗಿಸುತ್ತವೆ; ಅದು ಹಿಗ್ಗಿದರೆ ಹೃದಯದ ಲಯ ತಪ್ಪಬಹುದು. ಅದರ ಮೇಲೆ ಫ್ಯೂರೋಸೆಮೈಡ್. ಲ್ಯುಕೇಮಿಯಾ ಚಿಕಿತ್ಸೆಗೆಂದು ಆರ್ಸೆನಿಕ್ ಪಡೆಯುವವರಲ್ಲಿ ಪೊಟ್ಯಾಸಿಯಂ 4ಕ್ಕಿಂತ, ಮ್ಯಾಗ್ನೀಸಿಯಂ 1.8ಕ್ಕಿಂತ ಮೇಲಿರಲೇಬೇಕು. ವಿನ್‌ಕ್ರಿಸ್ಟಿನ್ ಪಡೆದವರ ಸೋಡಿಯಂ ಇಳಿದಿದ್ದರೆ ಅದು ಆ ಔಷಧದಿಂದಲೇ ನೀರು ಹಿಡಿದದ್ದಿರಬಹುದು; ಅಂಥವರಿಗೆ ಇನ್ನಷ್ಟು ಸಲಾಯಿನ್ ಹಾಕುವುದು ತಪ್ಪು ದಾರಿ.

ರಕ್ತ ಕೊಡಲೇಬೇಕಾದಾಗ

ಮೈಯಲ್ಲಿ ನೀರಿದೆ ಎಂದು ಪ್ಲೇಟ್‌ಲೆಟ್ ನಿಲ್ಲಿಸಲಾಗದು. ಆದರೆ ಹಿಮೋಗ್ಲೋಬಿನ್ 7ರ ಮೇಲಿದ್ದು, ಎದೆನೋವಿಲ್ಲದೆ, ರಕ್ತಸ್ರಾವವಿಲ್ಲದೆ ಇದ್ದರೆ ಕೆಂಪುಕಣ ಕಾಯಬಹುದು. ಕೊಡುವಾಗ ಒಂದೇ ಚೀಲ, ಮತ್ತೆ ನೋಡಿ ಮುಂದಿನದು. ವೇಗ ಗಂಟೆಗೆ ಕಿಲೋಗೆ 1 ಮಿ.ಲೀ. ಆಸುಪಾಸು. ಚೀಲ ನಾಲ್ಕು ಗಂಟೆಯೊಳಗೆ ಮುಗಿಯಬೇಕಾದ್ದರಿಂದ, 48 ಕಿಲೋದವರಿಗೆ ಅಷ್ಟು ನಿಧಾನವಾಗಿ ಹಾಕಲು ರಕ್ತನಿಧಿಯವರಿಗೆ ಮೊದಲೇ ಹೇಳಿ ಚೀಲವನ್ನು ಎರಡು ಪಾಲು ಮಾಡಿಸಿಕೊಳ್ಳಬೇಕಾಗುತ್ತದೆ. ಬೆಳಗಿನ ಪಾಳಿಯಲ್ಲೇ ರಕ್ತ ಕೊಡಿಸುವುದು ಒಳ್ಳೆಯದು. ರಾತ್ರಿ ಎರಡು ಗಂಟೆಗೆ ಒಬ್ಬ ಸಿಸ್ಟರ್ ಮೂವತ್ತು ಮಂಚ ನೋಡುವಾಗ ಉಸಿರಿನ ವೇಗ ಏರಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಯಮ ಬದಲಾಗುವ ಮೂರು ಕಡೆ

ಪ್ರೊಮೈಲೋಸೈಟಿಕ್ ಲ್ಯುಕೇಮಿಯಾದಲ್ಲಿ ಆಟ್ರಾ (ವಿಟಮಿನ್ ಎ ಬಗೆಯ ಔಷಧ) ಅಥವಾ ಆರ್ಸೆನಿಕ್ ಶುರುವಾದ ಮೇಲೆ ತೂಕ 5 ಕಿಲೋಗಿಂತ ಹೆಚ್ಚು ಏರಿ, ಜ್ವರ, ಉಬ್ಬಸ, ಎದೆಗೂಡಿನಲ್ಲಿ ನೀರು ಬಂದರೆ ಅದನ್ನು ಬರೀ ನೀರೆಂದು ತಿಳಿಯುವುದು ಪ್ರಾಣಾಂತಿಕ ತಪ್ಪು. ಅದು ಡಿಫರೆನ್ಷಿಯೇಷನ್ ಸಿಂಡ್ರೋಮ್, ಎಂದರೆ ಆ ಔಷಧಗಳಿಂದ ಬಲಿಯತೊಡಗಿದ ಕ್ಯಾನ್ಸರ್ ಕಣಗಳು ಮೈಯಲ್ಲಿ ಎಬ್ಬಿಸುವ ಉರಿಯೂತ. ಖಚಿತವಾಗಲೆಂದು ಕಾಯದೆ, ಸಂಶಯ ಬಂದ ಗಳಿಗೆಯಲ್ಲೇ ಡೆಕ್ಸಾಮೆಥಸೋನ್ 10 ಮಿ.ಗ್ರಾಂ 12 ಗಂಟೆಗೊಮ್ಮೆ ಸಿರೆಯಲ್ಲಿ ಆರಂಭಿಸಬೇಕು. ಫ್ಯೂರೋಸೆಮೈಡ್ ಅದಕ್ಕೆ ಜೊತೆ ಮಾತ್ರ. ಸ್ಥಿತಿ ತೀವ್ರವಾಗಿದ್ದರೆ ಆಟ್ರಾ, ಆರ್ಸೆನಿಕ್ ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ.

ಕ್ಯಾನ್ಸರ್ ಕಣಗಳು ಒಡೆಯುತ್ತಿರುವ ಮೊದಲ ದಿನಗಳಲ್ಲಿ ದ್ರವವನ್ನು ಪೂರ್ತಿ ನಿಲ್ಲಿಸಲಾಗದು. ಅಲ್ಲಿ ಗುರಿ ಚದರ ಮೀಟರಿಗೆ ಗಂಟೆಗೆ 80ರಿಂದ 100 ಮಿ.ಲೀ. ಮೂತ್ರ. ಹಾಕಿದ್ದು ಹೊರಬರುತ್ತಿಲ್ಲವೆಂದರೆ ಹಾಕುವುದನ್ನು ಏರಿಸದೆ, ಆರು ಗಂಟೆಗೊಮ್ಮೆ ಒಳ-ಹೊರ ಲೆಕ್ಕ ನೋಡಿ ಮೂತ್ರವರ್ಧಕ ಸೇರಿಸಬೇಕು. ರಾಸ್‌ಬ್ಯೂರಿಕೇಸ್ (ಯೂರಿಕ್ ಆಮ್ಲ ಇಳಿಸುವ ಔಷಧ) ಸಿಗುವಂತಿದ್ದರೆ ಕೆಂಪುಕಣ ಕಾಯುವ ಕಿಣ್ವವಾದ ಜಿ6ಪಿಡಿಯ ಕೊರತೆ ಇಲ್ಲವೆಂದು ನೋಡಿ ಕೊಡಬಹುದು.

ದೊಡ್ಡ ಪ್ರಮಾಣದಲ್ಲಿ ಕೊಡುವ ಕಿಮೋ ಔಷಧ ಮೆಥೊಟ್ರೆಕ್ಸೇಟ್ ಇನ್ನೊಂದು ಒಗಟು. ಎದೆಗೂಡು, ಹೊಟ್ಟೆಯಲ್ಲಿ ನಿಂತ ನೀರಿನೊಳಗೆ ಔಷಧ ಸೇರಿಕೊಂಡು ದಿನಗಟ್ಟಲೆ ನಿಧಾನವಾಗಿ ರಕ್ತಕ್ಕೆ ಮರಳುತ್ತದೆ. ಆದ್ದರಿಂದ ನಿಂತ ನೀರನ್ನು ಮೊದಲು ತೆಗೆದು ಆಮೇಲೆ ಆ ಔಷಧ ಕೊಡಬೇಕು. ಒಮ್ಮೆ ಕೊಟ್ಟ ಮೇಲೆ ಸಲಾಯಿನ್ ಕಡಿತವನ್ನು ತಜ್ಞರನ್ನು ಕೇಳದೆ ಯಾರೂ ಮಾಡಬಾರದು.

ಮೂತ್ರ ಬಾರದಿದ್ದರೆ

ಉಸಿರಾಟ ಸೋಲುತ್ತಿದ್ದರೆ ಮುಖವಾಡದ ಮೂಲಕ 5ರಿಂದ 10 ಸೆಂ.ಮೀ. ನೀರಿನ ಮಟ್ಟದ ಒತ್ತಡದ ಗಾಳಿ ಕೊಡಬಹುದು. ಬಾಯಿ-ಮೂಗಿನಿಂದ ರಕ್ತ ಬರುತ್ತಿದ್ದರೆ, ವಾಂತಿಯಿದ್ದರೆ, ಮಂಪರಿದ್ದರೆ ಆ ದಾರಿ ಬೇಡ. ಸರಿಯಾದ ಪ್ರಮಾಣದ ಮೂತ್ರವರ್ಧಕಕ್ಕೂ ನೀರು ಇಳಿಯದಿದ್ದರೆ, ಅಥವಾ ಪೊಟ್ಯಾಸಿಯಂ 6.5 ದಾಟಿ ಔಷಧಕ್ಕೆ ಬಗ್ಗದಿದ್ದರೆ, ಮೂತ್ರಪಿಂಡ ತಜ್ಞರನ್ನು ಅಂದೇ ಕರೆಯಬೇಕು. ಪ್ಲೇಟ್‌ಲೆಟ್ ಕೊಟ್ಟು, ಸ್ಕ್ಯಾನ್ ನೋಡುತ್ತ ಕತ್ತಿನ ಸಿರೆಯಲ್ಲಿ ನಳಿಕೆ ಹಾಕಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಲ್ಲದೆ, 6ರಿಂದ 12 ಗಂಟೆ ನಿಧಾನವಾಗಿ ನಡೆಸುವ ಡಯಾಲಿಸಿಸ್ ಇಂಥವರಿಗೆ ಒಗ್ಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಯಂತ್ರಗಳಿವೆ, ಆದರೆ ಅವು ನಿಗದಿತ ದಿನ ಬಂದುಹೋಗುವ ರೋಗಿಗಳಿಗೆ. ಬಿಳಿ ರಕ್ತಕಣವಿಲ್ಲದವರನ್ನು ಅಲ್ಲಿಗೆ ಕಳಿಸಬಾರದು.

ಬಾಗಲಕೋಟೆಯಿಂದ ಬೆಳಗಾವಿಗೆ ಸುಮಾರು 140 ಕಿ.ಮೀ., ವಿಜಯಪುರದಿಂದ 200 ಕಿ.ಮೀ. ಆಸುಪಾಸು. ಅಷ್ಟು ದೂರ ಮಲಗಿಸಿ ಕಳಿಸಿದರೆ ದಾರಿಯಲ್ಲೇ ಕೆಡುಕಾಗಬಹುದು. ಕೂರಿಸಿಕೊಂಡು, ಹೊರಡುವ ಮುನ್ನ ಒಂದು ಸಲ ಮೂತ್ರವರ್ಧಕ ಕೊಟ್ಟು, ಮೂತ್ರ ಬಂದದ್ದನ್ನು ನೋಡಿ, ಆಮ್ಲಜನಕದ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆಂದು ಲೆಕ್ಕ ಹಾಕಿ ಕಳಿಸಬೇಕು. ‘ನರ ತೆರೆದಿರಲಿ’ ಎಂದು ಆಂಬ್ಯುಲೆನ್ಸಿನಲ್ಲಿ ಸಲಾಯಿನ್ ಬಾಟಲಿ ನೇತುಹಾಕುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ರೋಗಿಯ ಹತ್ತಿರ ಕೂರುವ ಮನೆಯವರಿಗೆ

ನಿಮ್ಮ ಮನೆಯ ತಂಬಿಗೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಸಿಸ್ಟರನ್ನು ಕೇಳಿ ಮೊದಲ ದಿನವೇ ಅಳೆಸಿಕೊಳ್ಳಿ. ವೈದ್ಯರು ‘ದಿನಕ್ಕೆ ಒಂದು ಲೀಟರ್’ ಎಂದರೆ ಚಹಾ, ಗಂಜಿ, ಅಂಬಲಿ, ಸಾರು ಎಲ್ಲವೂ ಆ ಲೀಟರಿನೊಳಗೇ. ಬೆಳಿಗ್ಗೆ ಅಷ್ಟು ನೀರನ್ನು ಒಂದು ಬಾಟಲಿಯಲ್ಲಿ ತುಂಬಿಟ್ಟು, ಚಹಾ ಕುಡಿಸಿದಾಗಲೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿದರೆ ಲೆಕ್ಕ ತಾನಾಗಿ ಸಿಗುತ್ತದೆ. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಬಾಯಾರಿಕೆ ತಡೆಯುವುದು ಕಷ್ಟ. ಕುದಿಸಿ ಆರಿಸಿದ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿಸಿ, ತುಟಿಗೆ ವ್ಯಾಸಲೀನ್ ಹಚ್ಚಿ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ, ಕೇಳದೆ ಕೊಡಬೇಡಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ. ಜೋಳದ ರೊಟ್ಟಿಗೆ ಉಪ್ಪು ಹಾಕದ ಮನೆಗಳೇ ಹೆಚ್ಚು, ಅದು ಒಳ್ಳೆಯದೇ. ಆದರೆ ಪಲ್ಯ ಬಿಸಿಬಿಸಿಯಾಗಿ ಮಾಡಿದ್ದೇ ಆಗಿರಲಿ. ರಾತ್ರಿ ಒಂದರ ಬದಲು ಎರಡು ದಿಂಬು ಬೇಕೆಂದರೆ, ಒಣಕೆಮ್ಮು ಹೊಸದಾಗಿ ಬಂದರೆ, ಬೆಳಗಾಗಲೆಂದು ಕಾಯದೆ ಸಿಸ್ಟರನ್ನು ಎಬ್ಬಿಸಿ.

ಎಲ್ಲಿ ನಿಲ್ಲಿಸಬೇಕು

ದಿನಕ್ಕೆ ಅರ್ಧದಿಂದ ಒಂದು ಕಿಲೋ ಇಳಿಸುವುದು ಹದವಾದ ವೇಗ. ಉಸಿರುಗಟ್ಟಿದ್ದಾಗ ಮೊದಲ ದಿನ ಹೆಚ್ಚು ಇಳಿಸಬೇಕಾಗಬಹುದು. ಎದ್ದು ನಿಂತಾಗ ತಲೆ ತಿರುಗಿದರೆ, ಒತ್ತಡ ಇಳಿದರೆ, ಊತ ಹೋದ ಮೇಲೂ ಕ್ರಿಯಾಟಿನಿನ್ ಏರುತ್ತಿದ್ದರೆ ಮೂತ್ರವರ್ಧಕ ನಿಲ್ಲಿಸಬೇಕು. ಕಾಲಿನ ಊತ ಪೂರ್ತಿ ಹೋಗಲೇಬೇಕೆಂದು ಹಟ ಹಿಡಿಯಬಾರದು. ಅಲ್ಬುಮಿನ್ ಕಡಿಮೆಯಿರುವವರಲ್ಲಿ ಅದು ಕೊನೆಗೆ ಹೋಗುತ್ತದೆ. ತೂಕವನ್ನು ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಅದೇ ಯಂತ್ರದಲ್ಲಿ, ಅಂಥದೇ ಬಟ್ಟೆಯಲ್ಲಿ ನೋಡಬೇಕು. ಜಮಖಂಡಿಯ ಆ ರೋಗಿ ಐದನೆಯ ದಿನ 49 ಕಿಲೋಗೆ ಬಂದರು. ಅಂದಿನಿಂದ ತೂಕ ಬರೆಯುವ ಸಿಸ್ಟರ್ ಅಂಕಿಯ ಪಕ್ಕದಲ್ಲಿ ತಮ್ಮ ಸಹಿಯನ್ನೂ ತೂಗಿದ ಹೊತ್ತನ್ನೂ ಹಾಕುವ ಪದ್ಧತಿ ನಮ್ಮ ವಾರ್ಡಿನಲ್ಲಿ ನಡೆದುಬಂದಿದೆ.